ಮಾಯಮ್ಮ ತೋರಿಸಿದ ಮೂರು ಚುಕ್ಕಿ

ಪೂರಿಗಾಲಿಯ ಶಿವರಾಮು ಆ ಸೋಮವಾರ ಕೆಲಸಕ್ಕೆ ರಜೆ ಹಾಕಿದ್ದ. ಅವನು ಹೋಗುವ ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಮನೆಯಲ್ಲಿ ನೆಟ್ ಬರುವ ಫೋನ್ ಇರುವುದು ಅದೊಂದೇ. ಮಗಳು ಅರ್ಪಿತಳ ಹಾಸ್ಟೆಲ್ ಅರ್ಜಿಯನ್ನು ಅದರಲ್ಲೇ ತುಂಬಬೇಕು, ಓಟಿಪಿಯೂ ಅದಕ್ಕೇ ಬರಬೇಕು. ಕೊನೆಯ ದಿನ ಅವತ್ತೇ. ಸಂಜೆ ಐದೂವರೆ ಆದರೆ ಮುಗಿಯಿತು.

ಅರ್ಪಿತಳಿಗೆ ಮಂಡ್ಯದ ಕಾಲೇಜಿನಲ್ಲಿ ಬಿಎಸ್ಸಿ ಸೀಟು ಸಿಕ್ಕಿತ್ತು. ನಮ್ಮೂರಿಂದ ದಿನಾ ಮಂಡ್ಯಕ್ಕೆ ಹೋಗಿಬರುವುದು ಹುಡುಗಾಟವಲ್ಲ. ಮಳವಳ್ಳಿಯಲ್ಲಿ ಬಸ್ಸು ಬದಲಾಯಿಸಿ ಕಾಲೇಜು ಮುಟ್ಟುವ ಹೊತ್ತಿಗೆ ಮೊದಲ ಪಾಠ ಮುಗಿದಿರುತ್ತದೆ. ಅದಕ್ಕೇ ಶಿವರಾಮು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

"ಆಸ್ಟೆಲ್ ಸಿಕ್ಕುದ್ರೆ ಓದು. ಇಲ್ಲಾಂದ್ರೆ ನನ್ ಜೊತೆ ಗೆಜ್ಜಲಗೆರೆ ಬಸ್ ಅತ್ತು."

ಅವನೇನು ಕಲ್ಲು ಮನಸ್ಸಿನವನಲ್ಲ. ಮಗಳು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರುವುದು ಅವನಿಗೆ ಬೇಡವಾಗಿತ್ತು, ಅಷ್ಟೆ. ನಾನು ಅವರ ಪಕ್ಕದ ಮನೆಯವಳು. ಅವತ್ತು ಅವರ ಜಗಲಿಯ ಮೇಲೇ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ನಡೆದದ್ದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ.

ಅರ್ಜಿಯ ವೆಬ್ ವಿಳಾಸವನ್ನು ಕಾಲೇಜಿನವರು ಒಂದು ಚೀಟಿಯಲ್ಲಿ ಕೊಟ್ಟಿದ್ದರು, ಅದು ಮಣೆಯ ಮೇಲೇ ಇತ್ತು. ಆದರೆ ಮುಟ್ಟಿದರೆ ತೆರೆಯುವ ಲಿಂಕು ಬಂದಿದ್ದು ಫೋಟೊ, ವಿಡಿಯೊ ನೋಡುವ ಒಂದು ಆಪಿನಲ್ಲಿ. ನಮ್ಮೂರ ಹುಡುಗರು ಅದರಲ್ಲಿ ಊರಿನ ಹೆಸರಲ್ಲಿ ಒಂದು ಪುಟ ಮಾಡಿಕೊಂಡಿದ್ದಾರೆ. ಅಲ್ಲಿ ಹಾಕಿದ್ದ ಲಿಂಕನ್ನು ಅರ್ಪಿತ ಮುಟ್ಟಿದಳು. ಅರ್ಜಿ ಅಲ್ಲೇ ತೆರೆದುಕೊಂಡಿತು. ಹೆಸರು, ಅಂಕ, ಆಧಾರ್, ಜಾತಿ ಪ್ರಮಾಣಪತ್ರದ ಮಾರುದ್ದದ ನಂಬರು, ಎಲ್ಲವನ್ನೂ ತುಂಬಿದಳು. ಓಟಿಪಿ ಬಂತು. ಅದನ್ನು ನೋಡಲು ಮೆಸೇಜಿಗೆ ಹೋಗಿ ವಾಪಸ್ಸು ಬಂದರೆ ಅರ್ಜಿಯೇ ಇಲ್ಲ. ಯಾರೋ ಮೇಕೆಗೆ ಕನ್ನಡಕ ಹಾಕಿದ ವಿಡಿಯೊ ಓಡುತ್ತಿದೆ.

ಎರಡನೇ ಸಲ ಮೊದಲಿಂದ ತುಂಬಿದಳು. ಇನ್ನೇನು ಮುಗಿಯಬೇಕು, ಮೋಟಾರು ಫೋನ್ ಮಾಡಿತು. ನಮ್ಮ ಕಡೆ ಇದು ಮಾಮೂಲು. ಪಂಪ್‌ಸೆಟ್ಟಿನ ಸ್ಟಾರ್ಟರಿಗೆ ಸಿಮ್ ಹಾಕಿರುತ್ತಾರೆ. ತ್ರೀಫೇಸ್ ಕರೆಂಟು ಬಂದ ಕೂಡಲೇ ಅದು ಯಜಮಾನನ ಫೋನಿಗೆ ಕರೆ ಮಾಡುತ್ತದೆ, ಎತ್ತಿ ಒಂದು ಒತ್ತಿದರೆ ಗದ್ದೆಯಲ್ಲಿ ಮೋಟಾರು ಓಡುತ್ತದೆ. ಶಿವರಾಮು ಮಗಳ ಕೈಯಿಂದ ಫೋನು ಕಿತ್ತುಕೊಂಡು ಒಂದು ಒತ್ತಿದ. ಗದ್ದೆಗೆ ನೀರು ಬಂತು, ಅರ್ಜಿ ಮಾಯವಾಯಿತು.

ಮೂರನೇ ಸಲವೂ ಓಟಿಪಿ ನೋಡಲು ಹೋಗಿ ಬರುವಷ್ಟರಲ್ಲಿ ಅದೇ ಕಥೆ.

"ಕೈ ನೆಟ್ಗಿಲ್ಲ ನಿಂಗೆ. ಏನೇನೋ ಒತ್ತಿ ಅಳ್ಸಾಕ್ತೀಯ. ಇಂಥೋಳು ಮಂಡ್ಯಕ್ಕೋಗಿ ಏನ್ ಕಡ್ದಾಕೀಯೆ?" ಎಂದ ಶಿವರಾಮು.

ಅರ್ಪಿತ ಫೋನನ್ನು ಮಣೆಯ ಮೇಲಿಟ್ಟು ಗೋಡೆ ಕಡೆ ತಿರುಗಿ ಕೂತಳು. ಗಂಟೆ ಮೂರೂವರೆ. ಅವಳ ತಾಯಿ ನಾಗಶ್ರೀ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಮಾಯಕ್ಕುನ್ ಕರ್ಕಬತ್ತೀನಿ" ಎಂದು ಹೊರಟೇಬಿಟ್ಟಳು.

ಮಾಯಮ್ಮ ನಮ್ಮೂರ ಅಂಗನವಾಡಿಯವರು. ಐವತ್ತಾರು ವರ್ಷ. ಅಂಗನವಾಡಿ ಕೆಲಸಕ್ಕೆಂದು ಸರ್ಕಾರ ಫೋನ್ ಕೊಟ್ಟಾಗ ಸುತ್ತಲಿನ ಊರುಗಳ ಎಷ್ಟೋ ಅಂಗನವಾಡಿಯವರು ಅದನ್ನು ಮಕ್ಕಳ ಕೈಗೆ ಕೊಟ್ಟು ಕೆಲಸ ಮಾಡಿಸಿದರು. ಮಾಯಮ್ಮ ಹಾಗೆ ಮಾಡಲಿಲ್ಲ. ಒಂದು ತಿಂಗಳು ದಿನಾ ಸಂಜೆ ಜಗಲಿಯಲ್ಲಿ ಕೂತು ಒಂದೊಂದೇ ಗುಂಡಿ ಒತ್ತಿ, ಒತ್ತಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತರು. ಒಪ್ಪಿಕೊಳ್ಳುತ್ತೇನೆ, ಅವರನ್ನು ಕಂಡರೆ ನನಗೆ ಒಂಚೂರು ಹೊಟ್ಟೆಕಿಚ್ಚೂ ಇದೆ. ಗೌರವ ಅದಕ್ಕಿಂತ ಜಾಸ್ತಿ ಇದೆ.

ಬಂದವರು ಯಾರನ್ನೂ ಬೈಯಲಿಲ್ಲ. ಅರ್ಪಿತಳ ಪಕ್ಕ ಕೂತು, "ಎಲ್ಲಿ ತಗ್ದಿದ್ದೆ ತೋರ್ಸು ಮಗ" ಎಂದರು. ಅವಳು ಆಪಿನಲ್ಲಿ ಲಿಂಕು ಮುಟ್ಟಿ ತೋರಿಸಿದಳು. ಮಾಯಮ್ಮ ನಕ್ಕರು.

"ನಿನ್ ತಪ್ಪೇನಿಲ್ಲ ಕಣವ್ವ. ಈ ಆಪು ಲಿಂಕ್ನ ಆಚ್ಗೆ ಬುಡ್ದೆ ತನ್ನೊಳ್ಗೇ ಒಂದ್ ಕಿಟಕಿ ತಗ್ದು ತೋರಿಸ್ತಾ ಅದೆ. ನೀನು ಮೆಸೇಜ್ ನೋಡಕ್ಕೆ ಅಂತ ಆಕಡೆ ಓದ್ಯಾ, ಕಿಟಕಿ ಮುಚ್ಚಾಕ್ತದೆ. ಬರ್ದಿದ್ದೆಲ್ಲ ಓಯ್ತದೆ. ಇದುನ್ನ ಕ್ರೋಮ್ ಬ್ರೌಸರಲ್ಲಿ ತಗೀಬೇಕು."

ಶಿವರಾಮು ತಲೆ ಅಲ್ಲಾಡಿಸಿದ.

"ಬ್ಯಾಡ ಕಣಕ್ಕ. ಕ್ರೋಮಿಗೋಗಿ ಮೋಸ ಓದೋರ್ ಸುದ್ದಿ ದಿನಾ ಟೀವೀಲಿ ಬತ್ತದೆ. ಒಳ್ಗಿದ್ರೆ ಬದ್ರವಾಗಿರ್ತೀವಿ. ನಮ್ಮೂರ್ ಐಕ್ಳೇ ಆಕಿರೋ ಲಿಂಕು."

"ಐಕ್ಳು ಒಳ್ಳೇವೇ. ಆದ್ರೆ ಅವ್ಕೂ ಯಾರೋ ಕಳ್ಸಿರ್ತಾರೆ. ಸರಿ, ಇಲ್ಲಿ ಮೇಲ್ಗಡೆ ನೋಡ್ಲಾ ಶಿವರಾಮ. ಇದು ಯಾವ್ ವೆಬ್‌ಸೈಟು ಅಂತ ವಿಳಾಸ ಕಾಣ್ತಾ ಅದಾ?"

ಶಿವರಾಮು ಕಣ್ಣು ಕಿರಿದು ಮಾಡಿ ನೋಡಿದ. "ಅರ್ಧ ಅದೆ. ಮಿಕ್ಕಿದ್ದು ಕಾಣಕಿಲ್ಲ."

"ಯಾರ್ ಬಾಗ್ಲಲ್ಲಿ ನಿಂತಿದ್ದೀಯ ಅಂತ್ಲೇ ಗೊತ್ತಿಲ್ಲ. ಮಗಿನ್ ಆಧಾರ್ ನಂಬ್ರನ ಮೂರ್ ಸಲ ಕೊಟ್ಟಿದ್ದೀಯ. ಇದ್ರಲ್ಲಿ ಬದ್ರ ಎಲ್ ಬಂತು?"

ಮಾಯಮ್ಮ ಪರದೆಯ ಮೇಲ್ಗಡೆ ಬಲಮೂಲೆಯಲ್ಲಿದ್ದ ಮೂರು ಚುಕ್ಕಿಯನ್ನು ಒತ್ತಿಸಿದರು. ಒಂದು ಪಟ್ಟಿ ಇಳಿಯಿತು. ಅದರಲ್ಲಿ 'ಬ್ರೌಸರ್‌ನಲ್ಲಿ ತೆರೆಯಿರಿ' ಎಂದಿತ್ತು. ಮುಟ್ಟಿದರೆ ಅದೇ ಅರ್ಜಿ ಕ್ರೋಮಿನಲ್ಲಿ ಬಂದು ನಿಂತಿತು.

"ಈಗ ಮೇಲಿರೋ ವಿಳಾಸ ಮುಟ್ಟು. ಪೂರ್ತಿ ಕಾಣ್ತದೆ. ಕಾಲೇಜಲ್ಲಿ ಕೊಟ್ಟಿರೋ ಚೀಟೀಲಿ ಏನ್ ಬರ್ದವ್ರೆ ನೋಡು. ಎರಡೂ ಒಂದೇನಾ ಯೋಳು" ಎಂದು ಚೀಟಿಯನ್ನು ಶಿವರಾಮುವಿನ ಕೈಗೇ ಕೊಟ್ಟರು.

ನಂಬದವನ ಕೈಯಲ್ಲೇ ಪರೀಕ್ಷೆ ಮಾಡಿಸಿದರಲ್ಲ, ಆ ಜಾಣತನಕ್ಕೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ಶಿವರಾಮು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ. ಕೊನೆಗೆ ಸರ್ಕಾರಿ ವೆಬ್‌ಸೈಟಿಗಿರುವ 'ಡಾಟ್ ಗವ್ ಡಾಟ್ ಇನ್' ಎರಡು ಕಡೆಯೂ ಇತ್ತು. ಒಂದಕ್ಷರವೂ ಆಚೀಚೆ ಇರಲಿಲ್ಲ.

"ಸರಿಯಾಗೇ ಅದೆ" ಎಂದ, ಮೆಲ್ಲಗೆ.

ಅರ್ಪಿತ ನಾಲ್ಕನೇ ಸಲ ತುಂಬಲು ಕೂತಳು. ಓಟಿಪಿ ಬಂತು. ಮೆಸೇಜಿಗೆ ಹೋಗಲು ಅವಳ ಬೆರಳಿಗೆ ಧೈರ್ಯ ಸಾಲಲಿಲ್ಲ.

"ಓಗು ಮಗ, ಏನೂ ಆಗಕಿಲ್ಲ" ಎಂದರು ಮಾಯಮ್ಮ.

ಹೋದಳು, ಬಂದಳು. ಅರ್ಜಿ ಇಟ್ಟಲ್ಲೇ ಇತ್ತು. ಅಷ್ಟರಲ್ಲಿ ಹೋಗಿದ್ದ ಕರೆಂಟು ಬಂತೇನೋ, ಮತ್ತೆ ಮೋಟಾರಿನ ಕರೆ. ಶಿವರಾಮು ಕೈ ಚಾಚಿದವನು ಹಿಂದಕ್ಕೆಳೆದುಕೊಂಡ.

"ಇರ್ಲಿ ಬುಡು. ಗದ್ದೆ ಒಣುಗ್ಲಿ" ಎಂದ.

"ಯಾಕ್ಲಾ ಒಣುಗ್ಸೀಯೆ? ಒತ್ತು, ನಾನಿಲ್ವ" ಎಂದರು ಮಾಯಮ್ಮ. ಅವನು ಒಂದು ಒತ್ತಿದ. ವಾಪಸ್ಸು ಬಂದರೆ ಅಪ್ಪನ ಹೆಸರು, ಅವ್ವನ ಹೆಸರು, ಅಂಕ, ಎಲ್ಲವೂ ತುಂಬಿದ ಹಾಗೇ ಇದ್ದವು. ಶಿವರಾಮು ಮೊದಲ ಸಲ ನಕ್ಕ.

ನಾಲ್ಕೂಮುಕ್ಕಾಲಿಗೆ ಅರ್ಜಿ ನಂಬರು ಬಂತು. ಅದನ್ನು ಫೋನಿಗೆ ಇಳಿಸಿ, ಹಾಳೆಯಲ್ಲೂ ಬರೆದಿಡಿಸಿದರು ಮಾಯಮ್ಮ. ಎದ್ದು ಹೊರಡುವಾಗ ಹೇಳಿದರು, "ಕ್ರೋಮು ಅಂದ್ರೆ ದೇವ್ರೇನಲ್ಲ. ನೆಟ್ ಕೈಕೊಟ್ರೆ ಅಲ್ಲೂ ಓಯ್ತದೆ. ಆದ್ರೆ ನೋಡಿದ್ ಪುಟುನ ತಿರ್ಗ ಉಡುಕ್ಬೋದು, ವಿಳಾಸ ಕಣ್ಣಿಗ್ ಬೀಳ್ತದೆ. ವಿಳಾಸ ನೋಡ್ದೆ ಮಾತ್ರ ಎಲ್ಲೂ ಏನೂ ಬರೀಬ್ಯಾಡ ಕಣವ್ವ."

ನಾಗಶ್ರೀ ಕಾಫಿ ಕೊಟ್ಟಳು. ಆ ಮಹಾತಾಯಿ ನಿಂತೇ ಕುಡಿದು, ಅಂಗನವಾಡಿಯ ಬೀಗ ನೋಡಿ ಬರಬೇಕು ಎಂದು ನಡೆದೇಬಿಟ್ಟರು.

ಶಿವರಾಮು ಆಮೇಲೆ ಮಗಳ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ.

"ಬೋದ್ಬುಟ್ಟೆ ಕಣವ್ವ. ನಿನ್ ಕೈ ನೆಟ್ಗೇ ಅದೆ. ನಂಗೇ ತಿಳೀನಿಲ್ಲ."

ಅರ್ಪಿತಳಿಗೆ ಅಷ್ಟು ಹೊತ್ತೂ ಬಾರದ ಅಳು ಆಗ ಬಂತು. ಸುಳ್ಳು ಯಾಕೆ ಹೇಳಲಿ, ನನಗೂ ಬಂತು.

ಹದಿನೈದು ದಿನಕ್ಕೆ ಹಾಸ್ಟೆಲ್ ಪಟ್ಟಿಯಲ್ಲಿ ಅರ್ಪಿತಳ ಹೆಸರಿತ್ತು. ಈಗ ಶಿವರಾಮು ಕಂಪನಿ ಬಸ್ಸಿನಲ್ಲಿ ಕೂತವರಿಗೆಲ್ಲ ಮೂರು ಚುಕ್ಕಿ ಪಾಠ ಮಾಡುತ್ತಾನಂತೆ. ಕೇಳದವರಿಗೂ ಮಾಡುತ್ತಾನಂತೆ.

ಅಕ್ಕಂದಿರೇ, ಅಣ್ಣಂದಿರೇ, ಯಾವ ಆಪಿನಲ್ಲೇ ಆಗಲಿ, ಯಾರು ಕಳಿಸಿದ್ದೇ ಆಗಲಿ, ಅರ್ಜಿಯ ಲಿಂಕು ಬಂದರೆ ಅಲ್ಲೇ ಕೂತು ತುಂಬಬೇಡಿ. ಮೂಲೆಯ ಮೂರು ಚುಕ್ಕಿ ಒತ್ತಿ, ಬ್ರೌಸರಿನಲ್ಲಿ ತೆರೆಯಿರಿ. ಕೆಲವು ಆಪಿನಲ್ಲಿ ಅದರ ಹೆಸರು ಬೇರೆ ಇರಬಹುದು. ಸಿಗದಿದ್ದರೆ ಲಿಂಕನ್ನು ಕಾಪಿ ಮಾಡಿ ಬ್ರೌಸರಿಗೆ ಹಾಕಿ. ವಿಳಾಸವನ್ನು ಪೂರ್ತಿ ಓದಿ, ಆಮೇಲೆ ಹೆಸರು ಬರೆಯಿರಿ. ಗೊತ್ತಾಗದಿದ್ದರೆ ನಿಮ್ಮೂರಲ್ಲೂ ಒಬ್ಬ ಮಾಯಮ್ಮ ಇರುತ್ತಾರೆ, ನಾಚಿಕೆಪಡದೆ ಕೇಳಿ. ತುಂಬಿದ ಅರ್ಜಿ ಅಳಿಸಿಹೋದರೆ ಮಕ್ಕಳ ಮೇಲೆ ರೇಗುವ ಮುಂಚೆ ಅದನ್ನು ಎಲ್ಲಿ ತೆರೆದಿದ್ದೀರಿ ಎಂದು ನೋಡಿ. ಅರ್ಜಿಯನ್ನು ಇನ್ನೊಂದು ಸಲ ತುಂಬಬಹುದು, ಆಡಿದ ಮಾತನ್ನು ಅಳಿಸಲು ಆಗುವುದಿಲ್ಲ.