ಹೊಸ ವರ್ಷನ್ನಿನಲ್ಲಿ ಅಳಿಸಿಹೋದ ಮನೆ

"ಇವತ್ತೇ ಕಡೇ ದಿನ ಕಣ್ರೀ! ಹಾಸ್ಟೆಲ್ ಪಟ್ಟೀಲಿ ನನ್ನ ಮಗಳ ಹೆಸರೇ ಇಲ್ಲ ಅಂತಾವ್ರೆ!"

ಮಾಯಸಂದ್ರದಿಂದ ಮೊದಲ ಬಸ್ಸಿಗೆ ಬಂದಿದ್ದ ಸಿದ್ದಕ್ಕ, ತಿಪಟೂರಿನ ತೆಂಗು ಬೆಳೆಗಾರರ ಸಂಘದಲ್ಲಿ ಗುಮಾಸ್ತೆ ಬಷೀರುನ್ನೀಸಾಳ ಮೇಜು ಗುದ್ದಿದಳು. ಸಂಘದ ಹಾಸ್ಟೆಲಿನಲ್ಲಿ ಸದಸ್ಯರ ಹೆಣ್ಣುಮಕ್ಕಳಿಗಷ್ಟೇ ಜಾಗ. ಅದು ತಪ್ಪಿದರೆ ಪುಟ್ಟಗಂಗಮ್ಮನ ಓದು ಏಳನೇ ಕ್ಲಾಸಿಗೇ ಮುಗಿದಂತೆ.

ಬಷೀರುನ್ನೀಸಾ ಕಂಪ್ಯೂಟರಿನಲ್ಲಿ ಹುಡುಕಿದಳು. ಪುಟ್ಟಗಂಗಮ್ಮ ಇಲ್ಲ. ಅವಳ ತಮ್ಮನೂ ಇಲ್ಲ, ಸಿದ್ದಕ್ಕನೂ ಇಲ್ಲ. ತನ್ನ ಮೂರು ಮಕ್ಕಳನ್ನು ಅತ್ತೆಯ ಕೈಗೆ ಒಪ್ಪಿಸಿ ಬಂದು, ಎರಡು ವರ್ಷ ಕೂತು ಒಂದೊಂದೇ ಮನೆಯನ್ನು ಟೈಪು ಮಾಡಿದವಳು ಬಷೀರುನ್ನೀಸಾಳೇ. ತೀರಿಹೋದ ಸದಸ್ಯರ ಹನ್ನೊಂದು ಹೆಸರನ್ನು ಸೋಮವಾರ ತೆಗೆದವಳೂ ಅವಳೇ. ಅದರಲ್ಲೊಂದು ಸಣ್ಣತಿಮ್ಮಯ್ಯ, ಸಿದ್ದಕ್ಕನ ಗಂಡ.

ಆಗ ಹೊಳೆಯಿತು. ಹೋದ ವಾರ ಬೆಂಗಳೂರಿನ ಎಂಜಿನಿಯರು ಫ್ಲಾಪಿಗಳಲ್ಲಿ, ಪಟ್ಟಿ ಇಡುವ ಎಸ್‌ಕ್ಯೂಎಲ್ ಪ್ರೋಗ್ರಾಮಿನ ಹೊಸ ವರ್ಷನ್ ತಂದು ಹಾಕಿ ಹೊಗಳಿದ್ದ: ಹುಡುಕಾಟ ಚುರುಕು, ಒಂದೇ ಸದಸ್ಯ ನಂಬರು ಎರಡು ಸಲ ಬೀಳುವುದಿಲ್ಲ. "ಆಮೇಲೆ ಮೇಡಂ, ಯಜಮಾನನ ಹೆಸರು ತೆಗೆದರೆ ಸಾಕು, ಅವನಿಗೆ ಸೇರಿದ್ದೆಲ್ಲ ತಾನಾಗೇ ಹೋಗುತ್ತೆ. ನಿಮಗೆ ಕೆಲಸ ಉಳೀತು." ಹಳೆಯದರಲ್ಲಿ ಯಜಮಾನ ಹೋದರೂ ಮನೆಯವರು ಉಳಿಯುತ್ತಿದ್ದರು. ಬಷೀರುನ್ನೀಸಾ ಹೂಂಗುಟ್ಟಿ, ಆ ಮಹಾಶಯನಿಗೆ ಟೀ ಬೇರೆ ತರಿಸಿಕೊಟ್ಟಿದ್ದಳು. ಈಗ ಅದನ್ನು ನೆನೆದು ಮೈಯೆಲ್ಲ ಉರಿಯಿತು.

ಮುಚ್ಚಿಡದೆ ಹೇಳಿದಳು. ಸಿದ್ದಕ್ಕನ ಕಣ್ಣು ಕೆಂಪಾಯಿತು.

"ಗಂಡ ಸತ್ತ, ಸರಿ. ನಾವೂ ಗುಂಡಿಗೆ ಬಿದ್ವಾ? ಒಣಗಿದ ಮರ ಕಡಿಯೋವಾಗ ಪಕ್ಕದ ಸಸೀನೂ ಕಿತ್ತಾಕ್ತಾರೇನ್ರೀ? ತೆಂಗಿನ ಸಂಘ ಬೇರೆ ಕೇಡು ನಿಮಗೆ!"

ಸೆಕ್ರೆಟರಿ ನಂಜುಂಡಪ್ಪ ಒಳಗಿನಿಂದ ಎದ್ದು ಬಂದರು. "ಕೂಗಬ್ಯಾಡ ಕಣಮ್ಮ. ಬಷೀರಮ್ಮ, ಸಣ್ಣತಿಮ್ಮಯ್ಯ ಬದುಕವ್ನೆ ಅಂತ ಹಾಕ್ಬುಡಿ. ಪಟ್ಟಿ ಹಾಸ್ಟೆಲಿಗೆ ಹೋದ್ಮೇಲೆ ತೆಗೆದ್ರಾಯ್ತು."

"ತೆಗೆದ್ರೆ ಇವರೂ ಮತ್ತೆ ಹೋಗ್ತಾರೆ ಸಾರ್."

"ಸತ್ತೋನ್ನ ಬದುಕ್ಸಬ್ಯಾಡಿ," ಎಂದಳು ಸಿದ್ದಕ್ಕ. "ಬದುಕಿರೋಳ್ನ ಬರೀರಿ. ಯಜಮಾನರ ಜಾಗಕ್ಕೆ ನನ್ನ ಹೆಸರು ಹಾಕಿ. ತೋಟಕ್ಕೆ ನೀರು ಕಟ್ಟೋಳು ನಾನು ತಾನೆ?"

"ಅದಕ್ಕೆ ಕಮಿಟಿ ಒಪ್ಪಬೇಕು. ಮೀಟಿಂಗು ಮುಂದಿನ ತಿಂಗಳು," ಎಂದರು ನಂಜುಂಡಪ್ಪ.

"ಅಳಿಸೋವಾಗ ಯಾವ ಕಮಿಟಿ ಕೇಳಿದ್ವಿ ಸಾರ್?"

ಆ ಕಚೇರಿಯಲ್ಲಿ ಬಷೀರುನ್ನೀಸಾಳ ದನಿ ಏರಿದ್ದು ಅದೇ ಮೊದಲು. ಉತ್ತರಕ್ಕೆ ಕಾಯದೆ ಟೈಪು ಮಾಡಿದಳು: ಯಜಮಾನಿ, ಸಿದ್ದಕ್ಕ. ಮಗಳು, ಮಗ. ಕಂಪ್ಯೂಟರು ತಕರಾರಿಲ್ಲದೆ ನುಂಗಿಕೊಂಡಿತು. ಪ್ರಿಂಟರು ಕಿರುಚಿ ಹಾಳೆ ಉಗುಳಿತು. ಅದನ್ನು ಹರಿದು, ಪೆನ್ನಿನ ಸಮೇತ ನಂಜುಂಡಪ್ಪನವರ ಮುಂದಿಟ್ಟಳು.

ಅವರು ಬಾಗಿಲ ಕಡೆ ನೋಡಿದರು. ಸಿದ್ದಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಿದ್ದಳು. ಗೊಣಗಿಕೊಂಡೇ ಸಹಿ ಹಾಕಿದರು.

"ಮಗಳ ಹೆಸರು ಎಲ್ಲದೆ ತೋರ್ಸಿ," ಎಂದಳು ಸಿದ್ದಕ್ಕ. ಬಷೀರುನ್ನೀಸಾ ತೋರಿಸಿದ ಸಾಲಿನ ಮೇಲೆ ಬೆರಳಿಟ್ಟು, ಒತ್ತಿ ನೋಡಿದ ಮೇಲೇ ಹೊರಟಳು.

ಬಷೀರುನ್ನೀಸಾ ಬೀರುವಿನಿಂದ ಹಳೆಯ ರಿಜಿಸ್ಟರು ಎಳೆದು ಧೂಳು ಕೊಡವಿದಳು. ಸೋಮವಾರದ ಪಟ್ಟಿಯಲ್ಲಿ ಹೀಗೇ ಅಳಿಸಿಹೋದ ಮನೆ ಇನ್ನೂ ಹತ್ತು.

"ಸಾರ್, ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ. ಆ ಎಂಜಿನಿಯರ ಹತ್ರ ನಾನೇ ಮಾತಾಡ್ತೀನಿ."