ಹಾಜಿಮ್‌ಗೆ ಬಿದ್ದ ಚಪ್ಪಾಳೆ

ಚುನಾವಣೆಗೆ ಮೂರು ವಾರವಿತ್ತು. ಹಂಗೆರಿಯ ದಕ್ಷಿಣ ಗಡಿಯ ನಮ್ಮ ಪಟ್ಟಣದಲ್ಲಿ, ಇಗರ್ಜಿಯ ಮುಂದೆ ವೇದಿಕೆ ಹಾಕಿದ್ದರು. ಇರಾಕಿನ ಮೊಸುಲ್‌ನಿಂದ ತಪ್ಪಿಸಿಕೊಂಡು ಬಂದಿದ್ದ ಕ್ರೈಸ್ತ ದರ್ಜಿ ಬೆಹ್ನಾಮ್ ಅಲ್ಲಿ ಮಾತನಾಡಬೇಕಿತ್ತು. ಅವನ ಅರಬಿಯನ್ನು ಹಂಗೆರಿ ಭಾಷೆಗೆ ತಿರುಗಿಸುವವನು ನಾನು. ನಾನೂ ಮೊಸುಲ್‌ನ ಕ್ರೈಸ್ತನೇ. ಓದಲು ಬಂದವನು ಇಲ್ಲೇ ಮದುವೆಯಾಗಿ ಮೂವತ್ತು ವರ್ಷ ಕಳೆದಿದ್ದೆ. ವಲಸಿಗರನ್ನು ತಡೆಯಲು ಗಡಿಗೆ ಬೇಲಿ ಬಂದ ಮೇಲೆ, ನನ್ನನ್ನು ಮುಸ್ಲಿಮನೆಂದುಕೊಂಡು, ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಕತ್ತಿನ ಶಿಲುಬೆಯನ್ನು ಅಂಗಿಯ ಹೊರಗೆ ಕಾಣುವಂತೆ ಹಾಕಿಕೊಳ್ಳತೊಡಗಿದ್ದೆ.

ವೇದಿಕೆ ಹತ್ತುವ ಮೊದಲು, ಮತ್ತೆ ಚುನಾವಣೆಗೆ ನಿಂತಿದ್ದ ಮೇಯರ್ ಬೊಡ್ನಾರ್ ನನ್ನ ಹೆಗಲ ಮೇಲೆ ಕೈ ಹಾಕಿದ. "ಅವನ ಕಥೆ ಎಲ್ಲೆಲ್ಲೋ ಹೋದ್ರೆ ನೀನೇ ಕತ್ತರಿ ಹಾಕು. ಗೊತ್ತಾಯ್ತಲ್ಲ?"

ಗೊತ್ತಾಗಿತ್ತು.

ಬೆಹ್ನಾಮ್ ವೇದಿಕೆಯಲ್ಲಿ ತನ್ನ ಕಥೆ ಹೇಳಿದ. ಐಸಿಸ್‌ನವರು ಕ್ರೈಸ್ತರಿಗೆ ಊರು ಬಿಡಲು ಕೊಟ್ಟ ಗಡುವು ಮೀರಿದಾಗ ಪಕ್ಕದ ಮನೆಯ ಹಾಜಿಮ್ ಬೆಹ್ನಾಮ್‌ನನ್ನೂ ಅವನ ತಾಯಿಯನ್ನೂ ತನ್ನ ವ್ಯಾನಿನಲ್ಲಿ ಬದನೆಕಾಯಿ ಚೀಲಗಳ ಕೆಳಗೆ ಮಲಗಿಸಿ ಊರಾಚೆ ಬಿಟ್ಟಿದ್ದ. ವಾಪಸು ಹೋದವನನ್ನು ಅವರು ಮಾರುಕಟ್ಟೆಯಲ್ಲೇ ಕೊಂದರು.

"ಒಂದು ಹೊತ್ತೂ ನಮಾಜು ತಪ್ಪಿಸದ ಮನುಷ್ಯ. ನಾನು ಬದುಕಿರೋದು ಅವನ ಆಯಸ್ಸಲ್ಲಿ," ಎಂದ ಬೆಹ್ನಾಮ್.

ನಾನು ಮೈಕಿನಲ್ಲಿ ಹೇಳಿದೆ: "ಮುಸ್ಲಿಮರು ನಮ್ಮನ್ನು ಓಡಿಸಿದರು. ಈ ಕ್ರೈಸ್ತ ನಾಡು ಕಾಪಾಡಿತು. ಬೇಲಿಯನ್ನು ಭದ್ರವಾಗಿ ಕಾಯಿರಿ."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೆಹ್ನಾಮ್ ಎದೆಗೆ ಕೈಯಿಟ್ಟು ಬಾಗಿದ. ಕಣ್ಣು ತುಂಬಿತ್ತು.

"ನೋಡಿದ್ಯಾ ಅಣ್ಣಾ, ನಮ್ಮ ಹಾಜಿಮ್‌ಗೋಸ್ಕರ ಎಷ್ಟು ಜನ ಎದ್ದು ನಿಂತ್ರು!"

ಕೆಳಗಿಳಿದವನೇ ಮೇಯರನ ಕೈ ಹಿಡಿದುಕೊಂಡ. ಹಾಜಿಮ್‌ನ ಹೆಂಡತಿ ಸುಹೈಲಾ ಮಗಳೊಂದಿಗೆ ಬೇಲಿಯಾಚೆ, ಸರ್ಬಿಯಾದ ಪಾಳು ಇಟ್ಟಿಗೆ ಕಾರ್ಖಾನೆಯೊಂದರಲ್ಲಿ ಕಾಯುತ್ತಿದ್ದಳು.

"ಅವರನ್ನ ಒಳಗೆ ಬಿಡಿ ಅಂತ ಕೇಳಣ್ಣಾ. ಇಷ್ಟೆಲ್ಲ ಕೇಳಿದ ಮೇಲೆ ಇಲ್ಲ ಅನ್ನಲ್ಲ."

ಅದನ್ನು ಮಾತ್ರ ಇದ್ದ ಹಾಗೇ ತಿರುಗಿಸಿದೆ.

ಮೇಯರ್ ನಕ್ಕ. "ಇವನಿಗೇನು ತಲೆ ಕೆಟ್ಟಿದೆಯಾ? ಈಗ ತಾನೇ ಬೇಲಿ ಕಾಯಿರಿ ಅಂದ!"

"ಏನಂತೆ?" ಎಂದ ಬೆಹ್ನಾಮ್. ಹೇಳಿದೆ.

"ನಾನೆಲ್ಲಿ ಹಾಗಂದೆ?"

"ನೀನಲ್ಲ, ನಾನಂದೆ."

ಮೇಯರನ ಕೈ ಬಿಟ್ಟು ನನ್ನ ಕಡೆ ತಿರುಗಿದ. "ಹಾಜಿಮ್ ಹೆಸರಾದ್ರೂ ಹೇಳಿದ್ಯಾ?"

"ಇಲ್ಲ."

ಅವನು ಇಗರ್ಜಿಯ ಮೆಟ್ಟಿಲ ಮೇಲೆ ಹೋಗಿ ಕೂತ. ಯಾರೋ ಹೆಂಗಸು ಅವನ ಕೈಗೆ ಬಾವುಟ ಕೊಟ್ಟು ಫೋಟೊ ತೆಗೆಸಿಕೊಂಡಳು.

ಮರುವಾರ ಅದೇ ಫೋಟೊ ಬೊಡ್ನಾರ್‌ನ ಚುನಾವಣಾ ಪೋಸ್ಟರಾಗಿ ಬಸ್ ನಿಲ್ದಾಣದಲ್ಲಿ ಆಳೆತ್ತರಕ್ಕೆ ಬಂತು. ದಿನವೂ ಕೆಲಸಕ್ಕೆ ಹೋಗುವಾಗ ಬೆಹ್ನಾಮ್ ಅದರ ಮುಂದೆಯೇ ಹಾಯಬೇಕಿತ್ತು. ಸುಹೈಲಾ ಎರಡು ಸಲ ಬೇಲಿ ದಾಟಿದಳು. ಎರಡು ಸಲವೂ ಪೊಲೀಸರು ವಾಪಸು ದಬ್ಬಿದರು. ಆಮೇಲೆ ಅವಳ ಫೋನು ಸತ್ತಿತು. ಬೆಹ್ನಾಮ್ ಇಗರ್ಜಿಯ ಪೂಜೆಗೆ ಬರುವುದನ್ನು ಬಿಟ್ಟ. ನನ್ನನ್ನು ಕಂಡರೆ ರಸ್ತೆ ದಾಟಿ ಆಚೆಗೆ ಹೋಗುತ್ತಾನೆ.

ಬೊಡ್ನಾರ್ ಗೆದ್ದ. ವಿಜಯೋತ್ಸವಕ್ಕೆ ಇನ್ನೊಬ್ಬ ಇರಾಕಿಯನ್ನು ಕರೆಸಿದ್ದರು. ಅವನ ಮಾತು ತಿರುಗಿಸಲು ನನಗೂ ಕರೆ ಬಂತು.

ಹೋದೆ.