ಗಾಳಿ ತುಂಬುವ ಫೋರ್ಕ್

“ಅಕ್ಕಾ, ನನ್ನ ಮಾತು ಕೇಳಿ. ಟೂರಿಗೆ ಈ ಗಾಳಿ ತುಂಬಿ ಕುಲುಕು ತಡೆಯೋ ಸಸ್ಪೆನ್ಷನ್ ಬೇಡ,” ಎನ್ನುತ್ತ ಸೈಕಲ್ ಮೆಕ್ಯಾನಿಕ್ ಮುಂದಿನ ಚಕ್ರ ಹಿಡಿಯುವ ಎರಡು ಫೋರ್ಕುಗಳನ್ನು ಬೆಂಚಿನ ಮೇಲಿಟ್ಟ. “ಈ ಸ್ಟೀಲಿನದು ನೋಡಿ. ಎರಡೂ ಕಡೆ ಬ್ಯಾಗ್ ಕಟ್ಟಬಹುದು. ಕೆಡೋಕೆ ಇದರಲ್ಲಿ ಏನೂ ಇಲ್ಲ.”

ಮನೆಯಲ್ಲೂ ಹದಿನೈದು ದಿನದಿಂದ ಇದೇ ಜಗಳ. ಅವಳ ಗಂಡ ಮೂವತ್ತು ವರ್ಷ ಬಸ್ಸು ಓಡಿಸಿದವನು. ಅದೇ ದಾರಿಯಲ್ಲಿ ಸಮುದ್ರದವರೆಗೆ ನಿಧಾನವಾಗಿ ಸೈಕಲ್ ತುಳಿಯಬೇಕೆಂಬ ಹುಚ್ಚು ಅವನಿಗೆ. ಹಳೆಯ ಮೌಂಟನ್ ಬೈಕಿನ ಮುಂದಿನ ಸ್ಪ್ರಿಂಗ್ ಫೋರ್ಕು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದರ ಜಾಗಕ್ಕೆ ಯಾವುದು ಸರಿಯೆಂದು ಹಾಸಿಗೆಯಲ್ಲಿ ಮಲಗಿಕೊಂಡೇ ಮೊಬೈಲಿನಲ್ಲಿ ಹುಡುಕುತ್ತಿದ್ದ.

ಡಾಕ್ಟರು ಅವಳೊಬ್ಬಳನ್ನೇ ಒಳಗೆ ಕರೆದು, ಅವನು ಬೇಸಿಗೆ ದಾಟುವುದು ಕಷ್ಟ ಎಂದು ಹೇಳಿ ಏಳು ವಾರವಾಗಿತ್ತು. ಅವಳು ಮುಖ ತೊಳೆದು ಹೊರಗೆ ಬಂದು, “ಎಲ್ಲ ಸರಿ ಹೋಗುತ್ತಂತೆ ಕಣ್ರೀ,” ಅಂದಿದ್ದಳು. ಆಮೇಲೆ ಅವನು ಸಸ್ಪೆನ್ಷನ್ ಅಂದರೆ ಬೇಕೆಂದೇ ಇವಳು ಸ್ಟೀಲು ಅನ್ನುವಳು. ವಾದಕ್ಕಿಳಿದಾಗ ಮಾತ್ರ ಅವನ ಮುಖಕ್ಕೆ ಕಳೆ ಬರುತ್ತಿತ್ತು.

“ತಡೀರಿ, ಅಣ್ಣನನ್ನೇ ಕೇಳಿಬಿಡೋಣ,” ಎಂದು ಮೆಕ್ಯಾನಿಕ್ ಗ್ರೀಸಿನ ಬೆರಳಿನಿಂದಲೇ ಫೋನು ಒತ್ತಿ, ಸ್ಪೀಕರ್ ಹಾಕಿ ಬೆಂಚಿನ ಮೇಲಿಟ್ಟ.

“ಸ್ಟೀಲು ಬೇಡಪ್ಪ,” ಗಂಡನ ದನಿ ಬಾವಿಯೊಳಗಿಂದ ಬಂದಂತಿತ್ತು. “ಗಾಳಿ ತುಂಬೋದು ಇದೆಯಲ್ಲ, ಅದೇ ಹಾಕು.”

“ನಿಮ್ಮಿಷ್ಟ. ಅದಕ್ಕೆ ಓಡಿಸೋರ ತೂಕ ನೋಡಿ ಗಾಳಿ ಹಾಕಬೇಕು. ಎಷ್ಟಣ್ಣ ತೂಕ?”

ಹೋದ ಸೋಮವಾರ ಅವನ ತೂಕದ ಮುಳ್ಳು ನಲವತ್ಮೂರಕ್ಕೆ ನಿಂತಾಗ, “ಕೆಟ್ಟುಹೋಗಿದೆ ಇದು,” ಎಂದು ತೂಕದ ಯಂತ್ರವನ್ನು ಕಾಲಿನಿಂದ ಮಂಚದಡಿಗೆ ತಳ್ಳಿದ್ದಳು. ಈಗ ಎಪ್ಪತ್ತು ಎಂದುಬಿಡೋಣವೆಂದು ಬಾಯಿ ತೆರೆದಳು.

“ಐವತ್ತಾರು,” ಅಂದ ಗಂಡ. “ಎತ್ತರ ಐದಡಿ ಎರಡಿಂಚು. ಹ್ಯಾಂಡಲ್ಲೂ ಅದಕ್ಕೆ ಸರಿಯಾಗಿ ಇಳಿಸು.”

ಮೆಕ್ಯಾನಿಕ್ ನಕ್ಕುಬಿಟ್ಟ. “ಏನಣ್ಣ, ನನ್ನ ಬಾಗಿಲಲ್ಲಿ ತಲೆ ಬಗ್ಗಿಸಿ ಬರೋ ಆಸಾಮಿ ನೀವು!”

“ನನಗಲ್ಲಪ್ಪ, ಅವಳಿಗೆ.” ಉಸಿರು ಎಳೆದುಕೊಳ್ಳಲು ಅವನು ತುಸು ನಿಲ್ಲಿಸಿದ. “ಎಡಗೈ ಮಣಿಕಟ್ಟು ನೋಯುತ್ತೆ ಅವಳಿಗೆ. ನನ್ನ ಎತ್ತಿ ಕೂರಿಸಿ ಕೂರಿಸಿ ಹಾಗಾಗಿದೆ. ಕೇಳಿದ್ರೆ ಏನಿಲ್ಲ ಅಂತಾಳೆ. ಸ್ಟೀಲು ಹಾಕಿದ್ರೆ ಗುಂಡಿ ರಸ್ತೇಲಿ ಆ ಕೈ ತಡೆಯಲ್ಲ.”

ಮೆಕ್ಯಾನಿಕ್‌ನ ನಗು ಅಲ್ಲೇ ಆರಿತು. ಅವಳು ಫೋನಿನ ಕಡೆ ಬಾಗಿದಳು.

“ರೀ… ಡಾಕ್ಟರ ಮಾತು ಯಾರು ಹೇಳಿದ್ರು ನಿಮಗೆ?”

“ಯಾರೂ ಹೇಳ್ಲಿಲ್ಲ. ಈ ಫೋರ್ಕಿನ ವಿಷಯ ಬಿಟ್ರೆ ಏಳು ವಾರದಿಂದ ನೀನು ಒಂದು ಸಲಾನೂ ನನ್ನ ಮೇಲೆ ರೇಗಿಲ್ಲ. ಅಷ್ಟೂ ಗೊತ್ತಾಗಲ್ವೇನೇ ನನಗೆ?”

“ನಾನೊಬ್ಬಳೇ ಎಲ್ಲಿಗೂ ಹೋಗಲ್ಲ.”

“ಹೋಗ್ದಿದ್ರೆ ಬೇಡ ಬಿಡು. ತರಕಾರಿ ತರೋಕಾದ್ರೂ ತುಳಿ. ಕೈ ನೋಯಬಾರದು, ಅಷ್ಟೇ.”

ಫೋನು ಇಟ್ಟ ಮೇಲೆ ಮೆಕ್ಯಾನಿಕ್ ಗಾಳಿಯ ಫೋರ್ಕನ್ನು ಸಡಿಲವಾಗಿ ಕೂರಿಸಿ, ಸೀಟು ಇಳಿಸಿ, ಅವಳನ್ನು ಹತ್ತಿಸಿದ. ಹನ್ನೆರಡು ವರ್ಷದ ಮೇಲೆ ಸೈಕಲ್ ಹತ್ತಿದ್ದಳು. ಅವನು ಹ್ಯಾಂಡಲ್ಲಿನ ಎತ್ತರ ನೋಡಿ ಅದು ಕೂರುವ ಫೋರ್ಕಿನ ಕೊಳವೆಗೆ ಸೀಮೆಸುಣ್ಣದಿಂದ ಗೆರೆ ಎಳೆದ. ಗೆರೆಯಿಂದ ಮೇಲಕ್ಕೆ ನಾಲ್ಕು ಬೆರಳಿನಷ್ಟು ಕೊಳವೆ ಉಳಿದಿತ್ತು.

“ಅಕ್ಕಾ, ಒಂದು ಸಲ ಕೊಯ್ದರೆ ಮತ್ತೆ ಉದ್ದ ಮಾಡೋಕಾಗಲ್ಲ. ಅಣ್ಣನ ಎತ್ತರಕ್ಕೆ ಆಮೇಲೆ…” ಅವನು ತಲೆ ತಗ್ಗಿಸಿದ. “ಹಾಗೇ ಬಿಟ್ಟುಬಿಡ್ಲಾ?”

ಅವಳು ಸೈಕಲ್ಲಿನಿಂದ ಇಳಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಕೊಯ್ಯಪ್ಪ,” ಅಂದಳು.

ಅವನು ಫೋರ್ಕನ್ನು ಬಿಚ್ಚಿ, ಕೊಳವೆಯನ್ನು ಬೆಂಚಿನ ವೈಸಿನ ಹಿಡಿತಕ್ಕೆ ಸಿಕ್ಕಿಸಿ ಗರಗಸ ಎತ್ತಿಕೊಂಡ. ಫೋರ್ಕು ಅಲುಗದಂತೆ ಅವಳು ಎರಡೂ ಕೈಯಿಂದ ಹಿಡಿದು ನಿಂತಳು. ತುಂಡು ಕಳಚಿ ನೆಲಕ್ಕೆ ಬಿದ್ದು ಬೆಂಚಿನಡಿಗೆ ಉರುಳಿತು. ಅದನ್ನು ಎತ್ತಿಕೊಳ್ಳಲು ಇಬ್ಬರೂ ಬಗ್ಗಲಿಲ್ಲ.